ಒಡಲು ಒಂದೇ, ಸೆರಗು ಬೇರೆ: ಪ್ರತಿಕಾಯ ವರ್ಗ ಬದಲಿಸುವ ಬಗೆ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತದೆ. ಬಾಗಲಕೋಟೆಯ ನವನಗರಕ್ಕೆ ಡೆಂಗಿ ಬಂದಿದೆಯೆಂದು ತಿಳಿಯಲು ಪತ್ರಿಕೆ ಓದಬೇಕಿಲ್ಲ, ಆ ಚಪ್ಪಲಿಗಳನ್ನು ಎಣಿಸಿದರೆ ಸಾಕು. ಹೋದ ವರ್ಷ ಅಂಥದ್ದೇ ಒಂದು ಸಂಜೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಅಣ್ಣ ಮಗನ ವರದಿ ಹಿಡಿದು ಮೇಜಿನ ಮುಂದೆ ನಿಂತರು. ಹುಡುಗನಿಗೆ ಜ್ವರ ಬಂದು ಆರು ದಿನವಾಗಿತ್ತು. ವರದಿಯಲ್ಲಿ ಐಜಿಎಂ ಪಾಸಿಟಿವ್, ಐಜಿಜಿ ನೆಗೆಟಿವ್ ಎಂದಿತ್ತು.

“ಅಕ್ಕಾ, ಜ್ವರ ಒಂದು, ರಕ್ತ ಒಂದು. ಒಂದು ಸಾಲಿನಲ್ಲಿ ಇದೆ ಎಂದು ಬರೆದಿದ್ದೀರಿ, ಇನ್ನೊಂದು ಸಾಲಿನಲ್ಲಿ ಇಲ್ಲ ಎಂದು. ಹುಡುಗನಿಗೆ ಡೆಂಗಿ ಇದೆಯೋ ಇಲ್ಲವೋ?”

ಇದೆ, ಹೊಸದಾಗಿ ಬಂದಿದೆ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳುಹಿಸಿದೆ. ಅವರು ಕೇಳಿದ್ದಕ್ಕೆ ಅದು ಅರ್ಧ ಉತ್ತರ. ಉಳಿದರ್ಧ ಹೇಳಬೇಕಾದರೆ ರಕ್ತ ಪರೀಕ್ಷೆಯ ಕಾರ್ಡಿನಿಂದಲೇ ಶುರು ಮಾಡಬೇಕು.

ಕಾರ್ಡು ಎಂದರೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ. ಒಂದು ತುದಿಯ ಕುಳಿಗೆ ರಕ್ತದ ತಿಳಿಯನ್ನು ಹನಿಸಿ, ಅದರ ಮೇಲೆ ಒಂದೆರಡು ಹನಿ ದ್ರಾವಣ ಬಿಡುತ್ತೇವೆ. ಒದ್ದೆ ಬಟ್ಟೆಯಲ್ಲಿ ನೀರು ಏರುವಂತೆ ಅದು ಒಳಗಿನ ಬಿಳಿ ಹಾಳೆಯ ಮೇಲೆ ಹರಿಯುತ್ತದೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಸಿ, ಎಂ, ಜಿ ಎಂದು ಗುರುತಿಟ್ಟ ಮೂರು ಜಾಗಗಳ ಪೈಕಿ ಎಲ್ಲಿ ಕೆಂಪು ಗೆರೆ ಮೂಡಬೇಕೋ ಅಲ್ಲಿ ಮೂಡುತ್ತದೆ. ಸಿ ಗೆರೆ ಬಂದರೆ ಕಾರ್ಡು ಕೆಟ್ಟಿಲ್ಲ ಎಂದರ್ಥ, ಅಷ್ಟೇ. ಪ್ರತಿಕಾಯ ಎಂದರೆ ರೋಗಾಣುವನ್ನು ಹಿಡಿಯಲು ದೇಹ ಮಾಡಿಕೊಳ್ಳುವ ಪ್ರೋಟೀನು; ಐಜಿಎಂ, ಐಜಿಜಿ ಅದರ ಎರಡು ವರ್ಗ. ಎಂ ಇರುವಲ್ಲಿ ಮನುಷ್ಯರ ಐಜಿಎಂ ಪ್ರತಿಕಾಯದ ಬಾಲ ಹಿಡಿಯುವ ವಸ್ತುವನ್ನು ಮೊದಲೇ ಸವರಿರುತ್ತಾರೆ, ಜಿ ಇರುವಲ್ಲಿ ಐಜಿಜಿಯ ಬಾಲ ಹಿಡಿಯುವುದನ್ನು. ಡೆಂಗಿ ವೈರಸ್ಸನ್ನು ಕಚ್ಚಿ ಹಿಡಿಯುವ ತಲೆ ಎರಡರಲ್ಲೂ ಇರುತ್ತದೆ. ಗೆರೆ ಎಲ್ಲಿ ಮೂಡಬೇಕೆಂದು ತೀರ್ಮಾನವಾಗುವುದು ಬಾಲದಿಂದ.

ಬಾಲ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ನಾನು ಇಳಕಲ್ಲಿನ ನೇಕಾರರ ಮನೆಯವಳು, ಸೆರಗು ಎನ್ನುತ್ತೇನೆ.

ಇಳಕಲ್ ಸೀರೆ ಉಟ್ಟವರಿಗೆಲ್ಲ ಗೊತ್ತು, ಅದರ ಒಡಲು ಬೇರೆ, ಸೆರಗು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದಾಗಿರುತ್ತದೆ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಹಾಸಿನ ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ನಮ್ಮಜ್ಜಿ ಕುಣಿಮಗ್ಗದ ಪಕ್ಕ ಕುಳಿತು ಈ ಕೆಲಸ ಮಾಡುವಾಗ ಯಾರಾದರೂ ಮಾತನಾಡಿಸಿದರೆ ಸಿಡುಕುತ್ತಿದ್ದಳು. ಎಣಿಕೆ ತಪ್ಪಿದರೆ ಸೀರೆ ಕೆಟ್ಟಿತು. ಜಾತ್ರೆಯ ಜನಜಂಗುಳಿಯಲ್ಲಿ ದೂರದಿಂದಲೇ ‘ಅದು ಇಳಕಲ್ಲಿನದು’ ಎಂದು ಗುರುತು ಹತ್ತುವುದು ಸೆರಗಿನಿಂದ, ಅದರ ಮೇಲಿನ ಬಿಳಿ ತೆನೆಗಳ ಸಾಲಿನಿಂದ.

ಪ್ರತಿಕಾಯವೂ ಹಾಗೆಯೇ ಎರಡು ತುಂಡುಗಳ ಕೂಡಿಕೆ. ಕವಲೊಡೆದ ಕೋಲಿನಂಥ ಪ್ರೋಟೀನು ಅದು. ಎರಡು ಕವಲುಗಳ ತುದಿ ಯಾವುದೋ ಒಂದೇ ವಸ್ತುವಿಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತದೆ: ಡೆಂಗಿ ವೈರಸ್ಸಿನ ಒಂದು ಮೂಲೆಗೋ, ಧನುರ್ವಾಯು ವಿಷದ ಒಂದು ಮಡಿಕೆಗೋ. ಇದನ್ನು ಒಡಲು ಎನ್ನೋಣ. ಕೋಲಿನ ಬುಡ ಸೆರಗು. ಏನನ್ನು ಹಿಡಿಯಬೇಕು ಎಂಬುದು ಒಡಲಿನ ಪಾಲು. ಹಿಡಿದ ಮೇಲೆ ಏನಾಗಬೇಕು, ಪ್ರತಿಕಾಯ ದೇಹದಲ್ಲಿ ಎಲ್ಲೆಲ್ಲಿ ತಿರುಗಬಹುದು, ಯಾವ ಜೀವಕೋಶ ಅದನ್ನು ಕೈಹಿಡಿದು ಕರೆದುಕೊಳ್ಳುತ್ತದೆ ಎಂಬುದೆಲ್ಲ ಸೆರಗಿಗೆ ಬಿಟ್ಟದ್ದು. ದೇಹದ ಉಳಿದ ಜೀವಕೋಶಗಳು ಪ್ರತಿಕಾಯವನ್ನು ಗುರುತಿಸುವುದೂ ಜಾತ್ರೆಯ ಜನರಂತೆ ಸೆರಗು ನೋಡಿಯೇ.

ಸೆರಗು ಕತ್ತರಿಸಿದ ಪ್ರತಿಕಾಯವನ್ನು ನಮ್ಮ ಜಿಲ್ಲೆಯ ರೈತರು ಬಲ್ಲರು, ಹೆಸರು ಮಾತ್ರ ಬೇರೆ. ಹಾವು ಕಚ್ಚಿದಾಗ ಹಾಕುವ ಇಂಜೆಕ್ಷನ್ ಅದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಏಳುವ ಐಜಿಜಿಯನ್ನು ತೆಗೆದು, ಪೆಪ್ಸಿನ್ ಎಂಬ ಕಿಣ್ವದಿಂದ ಸೆರಗನ್ನು ಕತ್ತರಿಸಿ ಹಾಕುತ್ತಾರೆ. ವಿಷ ಹಿಡಿಯಲು ಒಡಲು ಸಾಕು. ಕುದುರೆಯ ಸೆರಗು ಕಂಡರೆ ನಮ್ಮ ಮೈ ರೇಗುವುದೇ ಹೆಚ್ಚು.

ಸೆರಗುಗಳಲ್ಲಿ ಐದು ವರ್ಗ. ಐಜಿಎಂ ಮೊದಲು ಬರುವುದು. ಐದು ಕೋಲುಗಳು ಬುಡ ಕೂಡಿಸಿಕೊಂಡು ಹತ್ತು ಕೈಗಳಾಗುತ್ತವೆ. ಒಂದೊಂದು ಕೈಯ ಹಿಡಿತ ಸಡಿಲವಾದರೂ ಹತ್ತು ಕೈ ಸೇರಿ ಬಿಡುವುದಿಲ್ಲ. ಆದರೆ ಗಾತ್ರ ದೊಡ್ಡದು, ರಕ್ತನಾಳ ಬಿಟ್ಟು ಹೊರಗೆ ಹೋಗುವುದು ಕಷ್ಟ. ಐಜಿಜಿ ಚಿಕ್ಕದು, ಅಂಗಾಂಶಗಳ ಸಂದುಗೊಂದಿಗೆ ಇಳಿಯುತ್ತದೆ, ರಕ್ತದಲ್ಲಿ ಮೂರು ವಾರಗಳಷ್ಟು ಕಾಲ ಸವೆಯದೆ ನಿಲ್ಲುತ್ತದೆ, ಬಸುರಿಯ ಮಾಸು ದಾಟಿ ಮಗುವಿಗೆ ತಲುಪುವುದೂ ಇದೊಂದೇ. ಅದರಲ್ಲಿ ಮತ್ತೆ ನಾಲ್ಕು ಒಳಬಗೆ. ಐಜಿಎ ಕರುಳು, ಮೂಗು, ಬಾಯಿಯ ಒಳಪೊರೆ ಹಾಗೂ ಎದೆಹಾಲಿನದು. ಐಜಿಇ ರಕ್ತದಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಆದರೆ ಉಪದ್ರವ ಬಹಳ. ಅದರ ಕಥೆ ಮುಂದೆ ಬರುತ್ತದೆ. ಐಜಿಡಿ ಬಿ ಕೋಶದ ಮೈಮೇಲೆ ಅಂಟಿಕೊಂಡೇ ಇರುತ್ತದೆ, ಈ ಲೇಖನದಲ್ಲಿ ಅದಕ್ಕೆ ಕೆಲಸವಿಲ್ಲ.

ಪ್ರತಿಕಾಯ ನೇಯುವವು ಬಿ ಕೋಶಗಳು. ಒಂದು ಬಿ ಕೋಶ ಹುಟ್ಟುವಾಗಲೇ ಒಂದು ಒಡಲನ್ನು ಆರಿಸಿಕೊಂಡಿರುತ್ತದೆ. ಅದರ ಪಕ್ಕದಲ್ಲಿ, ನಮ್ಮ ಹದಿನಾಲ್ಕನೆಯ ವರ್ಣತಂತುವಿನ ಮೇಲೆ, ಸೆರಗಿನ ವಂಶವಾಹಿಗಳೆಲ್ಲ ಸಾಲಾಗಿ ಕುಳಿತಿವೆ. ಮೊದಲು ಎಂ, ಡಿ, ಆಮೇಲೆ ಐಜಿಜಿಯ ಮೂರನೆಯ ಮತ್ತು ಒಂದನೆಯ ಬಗೆ, ಆಮೇಲೆ ಎ ಒಂದು, ಐಜಿಜಿ ಎರಡು ಮತ್ತು ನಾಲ್ಕು, ನಂತರ ಇ, ಕೊನೆಗೆ ಎ ಎರಡು. ಒಡಲಿಗೆ ತಾಗಿಕೊಂಡು ಯಾವುದಿದೆಯೋ ಅದೇ ನೇಯ್ಗೆಗೆ ಬರುತ್ತದೆ. ಎಂ ಮೊದಲಿದೆ, ಆದ್ದರಿಂದ ಎಲ್ಲ ಬಿ ಕೋಶಗಳ ಆರಂಭವೂ ಐಜಿಎಂ. ಅಂಗಡಿಯ ಅಣ್ಣನ ಮಗನಲ್ಲಿ ಎಂ ಗೆರೆ ಮಾತ್ರ ಮೂಡಿದ್ದು ಇದಕ್ಕೇ. ಡೆಂಗಿಯನ್ನು ಜನ್ಮದಲ್ಲಿ ಮೊದಲ ಸಲ ಕಂಡ ಆ ಹುಡುಗನ ಬಿ ಕೋಶಗಳು ಇನ್ನೂ ಹುಟ್ಟಾ ಸೆರಗಿನಲ್ಲೇ ಹೆಚ್ಚಿಗೆ ನೇಯುತ್ತಿದ್ದವು.

ಬೇರೆ ಸೆರಗು ಬೇಕಾದರೆ? ಕತ್ತರಿ ಹಾಕಬೇಕು. ಒಡಲಿಗೂ ಬೇಕಾದ ಸೆರಗಿಗೂ ನಡುವೆ ಇರುವ ಡಿಎನ್‌ಎಯನ್ನು ಪೂರಾ ಕತ್ತರಿಸಿ, ಎರಡು ತುದಿಗಳನ್ನು ಗಂಟು ಹಾಕಬೇಕು. ಕತ್ತರಿಸಿದ ತುಂಡು ಬಳೆಯಂತೆ ಸುತ್ತಿಕೊಂಡು ಬೀಳುತ್ತದೆ, ಕಳೆದುಹೋಗುತ್ತದೆ. ಜಪಾನಿನ ತಸುಕು ಹೊಂಜೊ 1978ರಲ್ಲಿ ಹೀಗೊಂದು ಲೆಕ್ಕಾಚಾರ ಮುಂದಿಟ್ಟರು. ಅದು ನಿಜವೆಂದು ಆಮೇಲೆ ಸ್ಥಿರವಾಯಿತು. ಜೀವಕೋಶವೊಂದು ತನ್ನ ಡಿಎನ್‌ಎಗೆ ತಾನೇ ಕತ್ತರಿ ಹಾಕಿಕೊಳ್ಳುವುದು ಸಣ್ಣ ಮಾತಲ್ಲ. ಎಂ ಬಿಟ್ಟು ಐಜಿಜಿ ಒಂದಕ್ಕೆ ಹೋದ ಕೋಶ ಮತ್ತೆ ಎಂಗೆ ಬರಲಾರದು, ಅದರ ಹತ್ತಿರ ಎಂ ಉಳಿದೇ ಇಲ್ಲ. ಆದರೆ ಮುಂದಿನ ಸಾಲಿನಲ್ಲಿರುವ ಇಗೆ ಹೋಗಬಲ್ಲದು. ಹೋಗುತ್ತದೆ ಕೂಡ, ಅಲರ್ಜಿಯವರನ್ನು ಕೇಳಿ.

ಕತ್ತರಿ ಸಿಕ್ಕಿದ್ದು 1999ರಲ್ಲಿ, ಅದೇ ಹೊಂಜೊ ಅವರ ಬಳಗಕ್ಕೆ. ಎಐಡಿ ಎಂಬ ಕಿಣ್ವ. ಮರುವರ್ಷ ಆ ಕಿಣ್ವವಿಲ್ಲದ ಇಲಿಗಳನ್ನು ನೋಡಿದರೆ ಅವುಗಳಲ್ಲಿ ಐಜಿಎಂ ಬೇಕಾದಷ್ಟಿತ್ತು, ಬೇರೆ ಸೆರಗು ಇರಲೇ ಇಲ್ಲ. ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಕ್ಯಾನ್ಸರ್ ಚಿಕಿತ್ಸೆಗೆ ದಾರಿ ಮಾಡಿದ ಇನ್ನೊಂದು ಶೋಧಕ್ಕೆ. ನನ್ನನ್ನು ಕೇಳಿದರೆ ಈ ಕತ್ತರಿಗೂ ಕೊಡಬೇಕಿತ್ತು. ಎಐಡಿ ನೇರವಾಗಿ ಕತ್ತರಿಸುವುದಿಲ್ಲ. ಡಿಎನ್‌ಎಯ ಸಿ ಎಂಬ ಅಕ್ಷರವನ್ನು ಅಲ್ಲಿರಬಾರದ ಯು ಎಂಬ ಅಕ್ಷರವಾಗಿ ತಿದ್ದುತ್ತದೆ. ದುರಸ್ತಿ ಮಾಡುವ ಕಿಣ್ವಗಳು ಬಂದು ಆ ತಪ್ಪಕ್ಷರವನ್ನು ಕೀಳುತ್ತವೆ. ಒಂದೇ ಕಡೆ ಹೀಗೆ ಹತ್ತಾರು ಅಕ್ಷರ ಕಿತ್ತರೆ ಎಳೆ ಹರಿಯುತ್ತದೆ. ಹರಿದ ತುದಿಗಳನ್ನು ಮತ್ತೊಂದು ತಂಡ ಬೆಸೆಯುತ್ತದೆ. ಅಪರೂಪಕ್ಕೊಮ್ಮೆ ಬೆಸುಗೆ ತಪ್ಪುತ್ತದೆ, ಎಂಟನೆಯ ವರ್ಣತಂತುವಿನ ತುದಿ ತಂದು ಇಲ್ಲಿಗೆ ಅಂಟಿಸಿಬಿಡುತ್ತದೆ. ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರಿನ ಬೇರು ಇಂಥ ತಪ್ಪು ಬೆಸುಗೆಯಲ್ಲಿದೆ. ಇಷ್ಟು ಅಪಾಯದ ಕತ್ತರಿಯನ್ನು ಯಾರ ಕೈಗೆ ಯಾವಾಗ ಕೊಡಬೇಕು ಎಂಬುದಕ್ಕೆ ದೇಹ ಬಿಗಿಯಾದ ಕಟ್ಟಳೆ ಇಟ್ಟುಕೊಂಡಿರುವುದು ಸಹಜ.

ನಮ್ಮ ಮನೆಯಲ್ಲಿ ಅಜ್ಜ ಯಾವ ಸೆರಗು ನೇಯಬೇಕೆಂದು ತಾನೇ ತೀರ್ಮಾನಿಸಿದ್ದನ್ನು ನಾನು ನೋಡಿಲ್ಲ. ಸಾಹುಕಾರರು ನೂಲು ಕೊಟ್ಟು, ಇಂಥ ಬಣ್ಣ, ಇಂಥ ದಡಿ, ಇಂಥ ಸೆರಗು ಎಂದು ಹೇಳಿ ಕಳುಹಿಸಿದ ಮೇಲೆಯೇ ಮಗ್ಗ ಸದ್ದು ಮಾಡುತ್ತಿತ್ತು. ಬಿ ಕೋಶದ ಬಾಳೂ ಹಾಗೆಯೇ. ಅದಕ್ಕೆ ಎರಡು ಮಾತು ಬೇರೆಯವರಿಂದ ಬರಬೇಕು. ‘ಕತ್ತರಿ ಎತ್ತಿಕೊ’ ಎನ್ನುವುದು ಒಂದು. ‘ಇಲ್ಲಿ ಕತ್ತರಿಸು’ ಎನ್ನುವುದು ಇನ್ನೊಂದು. ಎರಡನ್ನೂ ಒಬ್ಬರೇ ಹೇಳಬಹುದು, ಆದರೆ ಎರಡೂ ಬೇರೆ ಬೇರೆ ಮಾತು. ವರ್ಗ ಬದಲಾವಣೆ ಅರ್ಥವಾಗಬೇಕಾದರೆ ಇವೆರಡನ್ನು ಕಲಸಬಾರದು, ಪಠ್ಯಪುಸ್ತಕಗಳು ಕಲಸಿಬಿಡುತ್ತವೆ.

ಮೊದಲ ಮಾತು ಕೈಮುಟ್ಟಿ ಹೇಳುವಂಥದ್ದು. ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿ ಕೀವಾಯಿತೆನ್ನಿ, ಒಂದೆರಡು ದಿನದಲ್ಲಿ ತೊಡೆಸಂದಿಯಲ್ಲಿ ಗಂಟು ಬಿಗಿಯುತ್ತದೆ. ಆ ಗಂಟು ದುಗ್ಧಗ್ರಂಥಿ, ಸಂದೇಶಗಳ ಸಂತೆ ನಡೆಯುವ ಜಾಗ. ಗಾಯದ ಬಳಿಯಿಂದ ಕಾವಲು ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ತಂದು, ದೇಹದ ರಕ್ಷಣೆಯ ಇನ್ನೊಂದು ಬಗೆಯ ಕೋಶಗಳಾದ ಟಿ ಕೋಶಗಳಿಗೆ ತೋರಿಸುತ್ತವೆ. ಬಿ ಕೋಶವೂ ತನ್ನ ಒಡಲಿಗೆ ಸಿಕ್ಕ ವಸ್ತುವನ್ನು ನುಂಗಿ, ಅರೆದು, ಪ್ರೋಟೀನಿನ ಚೂರುಗಳನ್ನು ಮೈಮೇಲೆ ಎತ್ತಿ ಹಿಡಿಯುತ್ತದೆ. ಅದೇ ಚೂರನ್ನು ಬಲ್ಲ ಟಿ ಕೋಶ ಎದುರಾದರೆ ಎರಡೂ ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಆಗ ಟಿ ಕೋಶದ ಮೇಲೆ ಸಿಡಿ40 ಲೈಗ್ಯಾಂಡ್ ಎಂಬ ಪ್ರೋಟೀನು ಹೊರಗೆ ಚಾಚುತ್ತದೆ, ಬಿ ಕೋಶದ ಮೇಲಿನ ಸಿಡಿ40 ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಒಳಗೆ ಎನ್‌ಎಫ್ ಕಪ್ಪಾ ಬಿ ಎಂಬ ಸಂಕೇತ ಎಚ್ಚೆತ್ತು ಕೋಶಕೇಂದ್ರಕ್ಕೆ ಹೋಗಿ ಎಐಡಿಯ ವಂಶವಾಹಿಯನ್ನು ಎಬ್ಬಿಸುತ್ತದೆ. ಕತ್ತರಿ ತಯಾರು.

ಈ ಕೈಮುಟ್ಟುವಿಕೆ ಇಲ್ಲದಿದ್ದರೆ ಏನಾದೀತು ಎಂಬುದನ್ನು ನಿಸರ್ಗವೇ ತೋರಿಸಿದೆ. ಕೆಲವು ಗಂಡುಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಿಗೆ ಕಿವಿ ಸೋರುವುದು, ನ್ಯುಮೋನಿಯಾ, ಭೇದಿ ಒಂದರ ಹಿಂದೆ ಒಂದು ಬರುತ್ತವೆ. ರಕ್ತ ನೋಡಿದರೆ ಐಜಿಎಂ ಸರಿಯಾಗಿದೆ, ಕೆಲವರಲ್ಲಿ ಅತಿಯಾಗಿಯೇ ಇದೆ, ಐಜಿಜಿ, ಐಜಿಎ ತೀರಾ ಕಡಿಮೆ. ಬಹಳ ಕಾಲ ಇದನ್ನು ಬಿ ಕೋಶಗಳ ದೋಷ ಎಂದುಕೊಂಡಿದ್ದರು. 1993ರಲ್ಲಿ ಹಲವು ತಂಡಗಳು ಹುಡುಕಿದ್ದೇನೆಂದರೆ, ಬಿ ಕೋಶಗಳಲ್ಲಿ ಕೊರತೆಯೇನೂ ಇಲ್ಲ, ಟಿ ಕೋಶದ ಸಿಡಿ40 ಲೈಗ್ಯಾಂಡ್ ಕೆಟ್ಟಿದೆ. ಆ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡುಮಕ್ಕಳಿಗೇ ಹೆಚ್ಚು. ನೇಕಾರ ಗಟ್ಟಿಮುಟ್ಟಾಗಿದ್ದಾನೆ, ಹೇಳಿ ಕಳುಹಿಸುವವರಿಗೆ ಬಾಯಿಲ್ಲ. ಇಂಥ ಮಕ್ಕಳಿಗೆ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಐಜಿಜಿಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹನಿಸುತ್ತಾರೆ. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆಯ ಕಸಿ.

ಎರಡನೆಯ ಮಾತು, ಎಲ್ಲಿ ಕತ್ತರಿಸಬೇಕು ಎನ್ನುವುದು, ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳ ಕೆಲಸ. ಇದನ್ನು ಬಟ್ಟಲಿನಲ್ಲೇ ತೋರಿಸಿದವರು ಅಮೆರಿಕದ ಕ್ಲಿಫರ್ಡ್ ಸ್ನ್ಯಾಪರ್ ಮತ್ತು ವಿಲಿಯಂ ಪಾಲ್, 1987ರಲ್ಲಿ. ಇಲಿಯ ಬಿ ಕೋಶಗಳನ್ನು ಬ್ಯಾಕ್ಟೀರಿಯಾದ ಹೊರಪದರದ ವಸ್ತುವಿನಿಂದ ಕೆರಳಿಸಿ, ಒಂದು ಬಟ್ಟಲಿಗೆ ಇಂಟರ್‌ಲ್ಯೂಕಿನ್-4, ಇನ್ನೊಂದಕ್ಕೆ ಇಂಟರ್‌ಫೆರಾನ್ ಗಾಮಾ ಹಾಕಿದರು. ಮೊದಲನೆಯದರಲ್ಲಿ ಐಜಿಜಿ ಒಂದು ಮತ್ತು ಐಜಿಇ ಏರಿದವು. ಎರಡನೆಯದರಲ್ಲಿ ಅವು ಕುಗ್ಗಿ ಐಜಿಜಿ 2ಎ ಎಂಬ, ಇಲಿಯ ಐಜಿಜಿಯ ಒಂದು ಒಳಬಗೆ ಎದ್ದಿತು. ಅದೇ ಕೋಶ, ಅದೇ ಕೆರಳಿಕೆ, ಹೇಳಿಕೆ ಮಾತ್ರ ಬೇರೆ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹಾಗೇ ಇಳಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಇಂಟರ್‌ಲ್ಯೂಕಿನ್-4 ಐಜಿಜಿ ನಾಲ್ಕು ಮತ್ತು ಐಜಿಇ ಕಡೆಗೆ ಎಳೆಯುತ್ತದೆ, ಇಂಟರ್‌ಲ್ಯೂಕಿನ್-10 ಮತ್ತು 21 ಐಜಿಜಿ ಒಂದು, ಮೂರರ ಕಡೆಗೆ. ಟಿಜಿಎಫ್ ಬೀಟಾ ಮಾತ್ರ ಇಲಿಗೂ ಮನುಷ್ಯರಿಗೂ ಐಜಿಎಯ ದಾರಿಯನ್ನೇ ತೋರುತ್ತದೆ.

ಹೊರಗಿನಿಂದ ಬಂದ ಒಂದು ಪ್ರೋಟೀನು ಡಿಎನ್‌ಎಯ ಇಂಥದೇ ಜಾಗಕ್ಕೆ ಕತ್ತರಿಯನ್ನು ಹೇಗೆ ಕರೆದೊಯ್ಯುತ್ತದೆ? ಈ ಇಡೀ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದು. ಇಂಟರ್‌ಲ್ಯೂಕಿನ್-4 ಕೋಶದ ಹೊರಗೋಡೆಯ ಗ್ರಾಹಕಕ್ಕೆ ತಾಗಿದೊಡನೆ ಒಳಗೆ ಸ್ಟ್ಯಾಟ್6 ಎಂಬ ಪ್ರೋಟೀನಿಗೆ ಮುದ್ರೆ ಬೀಳುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ ಇ ಸೆರಗಿನ ಮುಂಬಾಗಿಲಲ್ಲಿ ಕುಳಿತು ಆ ಭಾಗದ ಡಿಎನ್‌ಎಯನ್ನು ಓದಿಸತೊಡಗುತ್ತದೆ. ಓದಿನಿಂದ ಆರ್‌ಎನ್‌ಎ ಹುಟ್ಟುತ್ತದೆ, ಆದರೆ ಆ ಆರ್‌ಎನ್‌ಎಯಿಂದ ಯಾವ ಪ್ರೋಟೀನೂ ಹುಟ್ಟುವುದಿಲ್ಲ. ಗೊಡ್ಡು ಓದು. ಹಾಗಿದ್ದರೆ ಯಾಕೆ ಓದಬೇಕು? ಡಿಎನ್‌ಎಯ ಎರಡೆಳೆಗಳು ಹುರಿಗೊಂಡಿರುವಾಗ ಎಐಡಿ ಅದನ್ನು ಮುಟ್ಟಲಾರದು, ಬಿಡಿಯೆಳೆ ಬೇಕು. ಓದುವಾಗ ಎಳೆಗಳು ಬಿಚ್ಚಿಕೊಳ್ಳುತ್ತವೆ. ಹುಟ್ಟಿದ ಆರ್‌ಎನ್‌ಎ ಒಂದು ಎಳೆಗೆ ಅಂಟಿ ಕುಳಿತು ಇನ್ನೊಂದನ್ನು ಬಯಲಿಗೆ ಬಿಡುತ್ತದೆ. ಅಲ್ಲಿ ಎಐಡಿಗೆ ಬೇಕಾದ ಅಕ್ಷರಗಳು ಸಾವಿರಗಟ್ಟಲೆ ಉದ್ದಕ್ಕೆ ಮತ್ತೆ ಮತ್ತೆ ಬರುತ್ತವೆ. ಎಂ ಸೆರಗಿನ ಮುಂಬಾಗಿಲು ಹೇಗೂ ತೆರೆದೇ ಇರುತ್ತದೆ. ಈಗ ಇಯದೂ ತೆರೆಯಿತು. ಎರಡೂ ಕಡೆ ಎಳೆ ಹರಿಯುತ್ತದೆ, ನಡುವಿನದು ಬಿದ್ದುಹೋಗುತ್ತದೆ, ಒಡಲಿಗೆ ಇ ಬಂದು ಕೂಡುತ್ತದೆ. ಟಿಜಿಎಫ್ ಬೀಟಾ ಬಂದಿದ್ದರೆ ಸ್ಮ್ಯಾಡ್ ಪ್ರೋಟೀನುಗಳು ಎಯ ಬಾಗಿಲನ್ನು ಹೀಗೆಯೇ ತೆರೆಸುತ್ತಿದ್ದವು.

ಕತ್ತರಿ ಇದ್ದು ಬಾಗಿಲು ತೆರೆಯದಿದ್ದರೂ ಕೆಲಸವಿಲ್ಲ, ಬಾಗಿಲು ತೆರೆದು ಕತ್ತರಿ ಇಲ್ಲದಿದ್ದರೂ ಇಲ್ಲ.

ಇದೆಲ್ಲ ದುಗ್ಧಗ್ರಂಥಿಯ ಜರ್ಮಿನಲ್ ಸೆಂಟರ್ ಎಂಬ ಒಳಕೋಣೆಗಳಲ್ಲಿ ನಡೆಯುತ್ತದೆಂದು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. 2019ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ, ಬಹುಪಾಲು ಬದಲಾವಣೆ ಆ ಕೋಣೆ ಕಟ್ಟುವ ಮೊದಲೇ, ಟಿ ಮತ್ತು ಬಿ ಕೋಶಗಳು ಗಡಿಯಲ್ಲಿ ಮೊದಲ ಸಲ ಮುಖಾಮುಖಿಯಾದ ದಿನಗಳಲ್ಲೇ ಮುಗಿದಿರುತ್ತದೆ ಎಂದು ತೋರಿಸಿತು. ಬಾಯಿಪಾಠದ ಗತಿ ಇಷ್ಟೇ.

ಹೇಳಿಕೆ ಕೊಡುವವರು ಯಾರು ಎಂಬುದರಷ್ಟೇ ಎಲ್ಲಿ ನಿಂತು ಕೊಡುತ್ತಾರೆ ಎಂಬುದೂ ಮುಖ್ಯ. ಪೋಲಿಯೊ ಲಸಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಭಾನುವಾರ ಬಸ್ ನಿಲ್ದಾಣದ ಬೂತಿನಲ್ಲಿ ಮಗುವಿನ ಬಾಯಿಗೆ ಎರಡು ಹನಿ ಹಾಕಿ, ಎಡಗೈಯ ಕಿರುಬೆರಳಿಗೆ ಕಪ್ಪು ಶಾಯಿ ಹಚ್ಚುತ್ತಾರೆ. ಹನಿಯಲ್ಲಿರುವ ದುರ್ಬಲ ವೈರಸ್ಸು ಕರುಳಿನಲ್ಲಿ ಬೆಳೆಯುತ್ತದೆ. ಕರುಳಿನ ಗೋಡೆಯ ದುಗ್ಧಗಂಟುಗಳಲ್ಲಿ ಟಿಜಿಎಫ್ ಬೀಟಾ ಧಾರಾಳ. ಅಲ್ಲಿನ ಕಾವಲು ಕೋಶಗಳು ವಿಟಮಿನ್ ಎಯಿಂದ ರೆಟಿನಾಯಿಕ್ ಆಮ್ಲವನ್ನೂ ಮಾಡಿ ಸುರಿಯುತ್ತಿರುತ್ತವೆ. ಟಿ ಕೋಶ ಹತ್ತಿರ ಬಾರದಿದ್ದರೂ ಬಾಫ್, ಏಪ್ರಿಲ್ ಎಂಬ ಇನ್ನೆರಡು ಪ್ರೋಟೀನುಗಳು ಬಿ ಕೋಶಕ್ಕೆ ಕತ್ತರಿ ಹಿಡಿಸಬಲ್ಲವು. ಇಷ್ಟೆಲ್ಲ ಕೂಡಿ ಅಲ್ಲಿ ಏಳುವುದು ಐಜಿಎ. ದೇಹ ದಿನವೂ ಮಾಡುವ ಪ್ರತಿಕಾಯದಲ್ಲಿ ಉಳಿದೆಲ್ಲ ವರ್ಗಗಳನ್ನು ಕೂಡಿಸಿದರೂ ಐಜಿಎಯೇ ಹೆಚ್ಚು. ವಿಟಮಿನ್ ಎ ಕೊರತೆ ಮಾಡಿ ಬೆಳೆಸಿದ ಇಲಿಗಳ ಸಣ್ಣಕರುಳಿನಲ್ಲಿ ಐಜಿಎ ನೇಯುವ ಕೋಶಗಳು ತೀರಾ ವಿರಳ.

ಅದೇ ಪೋಲಿಯೊ ವೈರಸ್ಸನ್ನು ಕೊಂದು ತೋಳಿಗೆ ಚುಚ್ಚಿದರೆ ಸುದ್ದಿ ಹೋಗುವುದು ಕಂಕುಳಿನ ಗ್ರಂಥಿಗೆ. ಅಲ್ಲಿನ ಮಾತೇ ಬೇರೆ, ಏಳುವುದು ರಕ್ತದ ಐಜಿಜಿ. ಮಗುವಿಗೆ ಲಕ್ವ ಹೊಡೆಯದಂತೆ ಅದು ಗಟ್ಟಿಯಾಗಿ ಕಾಯುತ್ತದೆ. ಆದರೆ ಕರುಳಿನಲ್ಲಿ ವೈರಸ್ಸು ಬೆಳೆದು ಚರಂಡಿ ಸೇರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಬಯಲು ಶೌಚವಿದ್ದ ನಮ್ಮ ಊರುಗಳಲ್ಲಿ ಹರಡುವ ಸರಪಳಿಯನ್ನು ಕಡಿಯಲು ಹನಿಯೇ ಬೇಕಾಗಿತ್ತು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯದು, ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚಿನಲ್ಲಿ. ಚುಚ್ಚುವ ಲಸಿಕೆ ಸರ್ಕಾರಿ ಪಟ್ಟಿಗೆ ಸೇರಿದ್ದು ಅದಾದ ಮೇಲೆ, 2015ರ ಕೊನೆಗೆ.

ಕರುಳಿನಲ್ಲಿ ಕಲಿತ ಬಿ ಕೋಶಗಳು ಅಲ್ಲೇ ಕೂರುವುದಿಲ್ಲ. ಬಾಣಂತಿಯಲ್ಲಿ ಅವು ಹಾಲಿನ ಗ್ರಂಥಿಗೆ ವಲಸೆ ಹೋಗುತ್ತವೆ. ತಾಯಿ ಉಂಡ ಊಟ, ಕುಡಿದ ನೀರಿನಲ್ಲಿದ್ದ ರೋಗಾಣುಗಳಿಗೆ ಅಳತೆ ಕೊಟ್ಟ ಐಜಿಎ ಮಗುವಿನ ಬಾಯಿಗೆ ಬರುತ್ತದೆ. ಅದೇ ಮನೆಯ ಧೂಳಿನಲ್ಲೇ ಆ ಮಗು ಅಂಬೆಗಾಲಿಡಬೇಕು.

ಆಕಳಿನ ಕಥೆ ಬೇರೆ. ಆಕಳ ಮಾಸಿನಲ್ಲಿ ಐಜಿಜಿ ದಾಟುವುದಿಲ್ಲ, ಕರು ಹುಟ್ಟುವುದು ಬರಿಗೈಯಲ್ಲಿ. ಈದ ಮೊದಲ ದಿನದ ದಟ್ಟ ಹಾಲಿನಲ್ಲಿ ಐಜಿಜಿ ತುಂಬಿರುತ್ತದೆ. ಕರುವಿನ ಕರುಳು ಅದನ್ನು ಇಡಿಯಾಗಿ ಹೀರಿಕೊಳ್ಳಬಲ್ಲದು, ಆದರೆ ಸುಮಾರು ಒಂದು ದಿನ ಮಾತ್ರ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಗಿಣ್ಣ ನನಗೂ ಇಷ್ಟ, ಏಲಕ್ಕಿ ಬೆಲ್ಲ ಹಾಕಿ ಕಾಯಿಸಿದ್ದನ್ನು ಬೇಡವೆಂದವಳಲ್ಲ. ಆದರೂ ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದರೆ ಮಾತ್ರ ಪಾತ್ರೆಗೆ ಹಿಂಡಬೇಕು.

ಲಸಿಕೆ ಮಾಡುವವರೂ ಈ ಹೇಳಿಕೆಗಳ ಭಾಷೆ ಕಲಿತಿದ್ದಾರೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಸಕ್ಕರೆಯ ಕವಚ ಹೊದ್ದಿರುತ್ತದೆ. ಸಕ್ಕರೆಯನ್ನು ಬಿ ಕೋಶ ಹಿಡಿಯಬಲ್ಲದು, ಟಿ ಕೋಶಕ್ಕೆ ತೋರಿಸಲಾರದು, ಏಕೆಂದರೆ ಟಿ ಕೋಶ ನೋಡುವುದು ಪ್ರೋಟೀನಿನ ಚೂರನ್ನು. ಹಾಗಾಗಿ ಕೈಮುಟ್ಟಿ ಹೇಳುವವರಿಲ್ಲ. ಬರೀ ಸಕ್ಕರೆಯ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಿಗೆ ನಾಟುವುದೇ ಇಲ್ಲ ಎನ್ನಬಹುದು. ಉಪಾಯವೇನೆಂದರೆ ಸಕ್ಕರೆಗೆ ಒಂದು ಪ್ರೋಟೀನನ್ನು ಕಟ್ಟುವುದು. ಬಿ ಕೋಶ ಸಕ್ಕರೆ ಹಿಡಿದು ನುಂಗುತ್ತದೆ, ಜೊತೆಗೆ ಪ್ರೋಟೀನೂ ಒಳಗೆ ಹೋಗುತ್ತದೆ, ಅದರ ಚೂರು ಮೇಲೆ ಬರುತ್ತದೆ, ಟಿ ಕೋಶ ಬಂದು ಸಿಡಿ40ಯ ಮಾತಾಡುತ್ತದೆ, ಸಕ್ಕರೆ ಹಿಡಿಯುವ ಒಡಲಿಗೆ ಐಜಿಜಿ ಸೆರಗು ಬರುತ್ತದೆ. 2017ರಿಂದ ಹಂತಹಂತವಾಗಿ ನಮ್ಮ ಸರ್ಕಾರಿ ಲಸಿಕೆಯ ಪಟ್ಟಿಗೆ ಬಂದ ಪಿಸಿವಿ ಎಂಬ ನ್ಯುಮೋಕಾಕಸ್ ಲಸಿಕೆ ಇಂಥದ್ದು.

ಇನ್ನು ಐಜಿಇ. ಈ ಸೆರಗು ಇರುವುದು ಬಹುಶಃ ಹೊಟ್ಟೆಹುಳುಗಳಿಗಾಗಿ, ನುಂಗಲಾರದಷ್ಟು ದೊಡ್ಡ ಶತ್ರುವನ್ನು ಕೆಮ್ಮಿಸಿ, ಸೀನಿಸಿ, ಭೇದಿಯಾಗಿಸಿ ಹೊರಗೆ ಹಾಕುವುದಕ್ಕೆ. ಆದರೆ ನಮ್ಮ ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ಕಾಂಗ್ರೆಸ್ ಕಸ ಹೂಬಿಟ್ಟಾಗ ಕೆಲವರ ಮೂಗಿನ ಒಳಪೊರೆ ಅದರ ಪರಾಗವನ್ನು ಹುಳುವೆಂದೇ ಭಾವಿಸಿಬಿಡುತ್ತದೆ. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಈ ಪರದೇಶಿ ಕಸ ಈಗ ಇಲ್ಲದ ಊರಿಲ್ಲ. ಕೆರಳಿದ ಪೊರೆ ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33 ಎಂಬ ಕೂಗು ಹಾಕುತ್ತದೆ, ಸುತ್ತಲಿನ ಕೋಶಗಳು ಇಂಟರ್‌ಲ್ಯೂಕಿನ್-4 ಸುರಿಯುತ್ತವೆ, ಇಯ ಬಾಗಿಲು ತೆರೆಯುತ್ತದೆ. ಮೊದಲೇ ಐಜಿಜಿ ಒಂದಕ್ಕೆ ಬಂದು ಹದವಾಗಿ ಕುಳಿತಿದ್ದ ನೆನಪಿನ ಕೋಶವೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಇಯಾಗಬಲ್ಲದು. ಹುಟ್ಟಿದ ಐಜಿಇ, ಹಿಸ್ಟಮಿನ್ ಎಂಬ ಕೆರಳಿಸುವ ವಸ್ತುವನ್ನು ಕೂಡಿಟ್ಟುಕೊಂಡ ಮಾಸ್ಟ್ ಕೋಶಗಳ ಮೈಮೇಲೆ ಸೆರಗು ಸಿಕ್ಕಿಸಿಕೊಂಡು ವಾರಗಟ್ಟಲೆ ಕಾಯುತ್ತದೆ. ಮತ್ತೆ ಪರಾಗ ಬಂತೋ, ಹಿಸ್ಟಮಿನ್ ಸುರಿದು ಸೀನಿನ ಮಳೆ. (ಅದೇ ಕಸ ಕಿತ್ತವರ ಕೈಗೆ ಏಳುವ ಒರಟು ತುರಿಕೆ ಮಾತ್ರ ಐಜಿಇಯದಲ್ಲ, ಅದು ಟಿ ಕೋಶಗಳ ನೇರ ಜಗಳ. ಎರಡಕ್ಕೂ ಒಂದೇ ಮಾತ್ರೆ ನುಂಗಿ ಪ್ರಯೋಜನವಿಲ್ಲ.)

ಹೇಳಿಕೆಯನ್ನೇ ತಡೆದರೆ? ಇಂಟರ್‌ಲ್ಯೂಕಿನ್-4ರ ಗ್ರಾಹಕಕ್ಕೆ ಅಡ್ಡ ನಿಲ್ಲುವ ಡುಪಿಲುಮ್ಯಾಬ್ ಎಂಬ ಔಷಧ ಇದೆ, ಬೆಲೆ ನಮ್ಮಂಥವರಿಗಲ್ಲ. ಹಳೆಯ ದಾರಿ ಇನ್ನೊಂದಿದೆ. ಒಗ್ಗದ ವಸ್ತುವನ್ನೇ ಕಿಂಚಿತ್ತು ಕಿಂಚಿತ್ತಾಗಿ ಮೂರರಿಂದ ಐದು ವರ್ಷ ಕೊಡುತ್ತ ಬಂದರೆ ದೇಹದಲ್ಲಿ ಇಂಟರ್‌ಲ್ಯೂಕಿನ್-10ರ ಮಾತು ಜೋರಾಗುತ್ತದೆ, ಐಜಿಜಿ ನಾಲ್ಕು ಏಳುತ್ತದೆ. ನಾಲ್ಕು ತಣ್ಣನೆಯ ಸೆರಗು, ಯಾರನ್ನೂ ಕೆರಳಿಸುವುದಿಲ್ಲ. ಪರಾಗವನ್ನು ತಾನೇ ಮೊದಲು ಹಿಡಿದು ಐಜಿಇಗೆ ಸಿಗದಂತೆ ಮಾಡುತ್ತದೆ. ವರ್ಷವಿಡೀ ಕಚ್ಚಿಸಿಕೊಳ್ಳುವ ಜೇನು ಸಾಕಣೆಗಾರರ ರಕ್ತದಲ್ಲಿ ಜೇನಿನ ವಿಷಕ್ಕೆ ಇದೇ ಐಜಿಜಿ ನಾಲ್ಕು ತುಂಬಿರುತ್ತದೆ.

ಹಾಗೆಂದು ಐಜಿಜಿ ಎಂದರೆ ಯಾವಾಗಲೂ ಅಭಯ ಎಂದುಕೊಳ್ಳಬಾರದು. ಡೆಂಗಿಯಲ್ಲಿ ನಾಲ್ಕು ಬಗೆಯ ವೈರಸ್ಸುಗಳಿವೆ. ಒಂದು ಬಗೆಗೆ ಎದ್ದ ಐಜಿಜಿ ಇನ್ನೊಂದು ಬಗೆಯ ವೈರಸ್ಸನ್ನು ಹಿಡಿಯುತ್ತದೆ, ಆದರೆ ಕೆಡಿಸಲಾರದು. ಹಿಡಿದುಕೊಂಡ ಪ್ರತಿಕಾಯದ ಸೆರಗು ಹೊರಗೆ ತೂಗಾಡುತ್ತದೆ. ಐಜಿಜಿಯ ಸೆರಗು ಕಂಡರೆ ಎಳೆದುಕೊಳ್ಳುವುದು ಭಕ್ಷಕ ಕೋಶಗಳ ಕೆಲಸ, ಅವು ಎಳೆದುಕೊಳ್ಳುತ್ತವೆ, ಜೀವಂತ ವೈರಸ್ಸಿನ ಸಮೇತ. ಡೆಂಗಿಗೆ ಬೆಳೆಯಲು ಬೇಕಾದ ಕೋಶ ಅದೇ. ಎರಡನೆಯ ಸಲದ ಡೆಂಗಿ ಕೆಲವರಲ್ಲಿ ಮೊದಲಿನದಕ್ಕಿಂತ ಗಂಭೀರವಾಗಲು ಇದೊಂದು ಮುಖ್ಯ ಕಾರಣ.

ಮಗನ ವರದಿ ಒಯ್ದು ಹನ್ನೆರಡು ದಿನವಾಗಿತ್ತು, ಅಂಗಡಿಯ ಅಣ್ಣ ಮತ್ತೆ ಬಂದರು, ಈ ಸಲ ತಾಯಿಯ ಕೈ ಹಿಡಿದುಕೊಂಡು. ಎಪ್ಪತ್ತರ ಹತ್ತಿರದ ಜೀವ, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕುರ್ಚಿಯ ತುದಿಗೆ ಕುಳಿತಿದ್ದರು. ಜ್ವರ ಬಂದು ಮೂರೇ ದಿನ. ಕಾರ್ಡಿನ ಮೇಲೆ ಎಂ ಗೆರೆ ಕಣ್ಣಿಗೆ ಹತ್ತಿಯೂ ಹತ್ತದಷ್ಟು ತಿಳಿಯಾಗಿತ್ತು. ಜಿ ಗೆರೆ ಐದೇ ನಿಮಿಷದಲ್ಲಿ ಕುಂಕುಮ ಎಳೆದಂತೆ ಮೂಡಿತು. ಮೂರು ದಿನದಲ್ಲಿ ಹೊಸ ಬಿ ಕೋಶಗಳು ಅಷ್ಟು ಸೆರಗು ಬದಲಿಸಲು ಆಗುವುದಿಲ್ಲ. ಎಂದೋ ಬದಲಿಸಿ, ನೆನಪಿಟ್ಟುಕೊಂಡು ಕುಳಿತಿದ್ದ ಕೋಶಗಳು ಎದ್ದು ಬಂದಿದ್ದವು.

“ಅಮ್ಮಾ, ನಿಮಗೆ ಹಿಂದೆ ಯಾವಾಗಲಾದರೂ ಡೆಂಗಿ ಬಂದಿತ್ತೇ?”

“ಇಲ್ಲವ್ವ, ನನಗೆ ಅಂಥದ್ದೇನೂ ಬಂದಿಲ್ಲ.”

ಸಂಜೆಯವರೆಗೆ ಮನೆಯಲ್ಲಿ ಕಾಯಬೇಡಿ, ಈಗಲೇ ದಾಖಲು ಮಾಡಿ, ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು ಎಂದು ಅಣ್ಣನಿಗೆ ಹೇಳಿದೆ. ಅವರು ಆಟೊ ಕರೆಯಲು ಹೊರಗೆ ಹೋದರು. ಅಜ್ಜಿ ಕಾರ್ಡಿನ ಕೆಂಪು ಗೆರೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಸಾಮಾನು ಸಾಗಿಸಿದ ವರ್ಷ ನಾಲ್ಕು ದಿನ ಮೈಕೈ ಮುರಿದಂತಾಗಿ ಮಲಗಿದ್ದೆ, ದಣಿವಿಗೆ ಬಂದ ಜ್ವರ ಎಂದುಕೊಂಡಿದ್ದೆ ಎಂದರು.